ಸಬಕಾರದ ನೀರು ಹಚ್ಚದ ಕಡ್ಡಿ ಕೊರೀಬ್ಯಾಡ್ರಿ

ಹೋದ ವರ್ಷ ಏಪ್ರಿಲ್ ತಿಂಗಳದಾಗ ನಾನು ಮಗಳ ಮನಿಗೆ ಟೆಕ್ಸಸ್‌ಗೆ ಹೋಗಿದ್ದು ನಿಮಗೆಲ್ಲಾ ಗೊತ್ತೇ ಅದ. ಹೋಗೂ ಮುಂದ ಓಣ್ಯಾಗಿನ ಅರ್ಧ ಮಂದಿ ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಕಟ್ಟಿ ಕೊಟ್ಟಿದ್ರಿ. ಆ ಋಣ ತೀರಿಸಲಿಕ್ಕೆ ಅಲ್ಲಿಂದ ಒಂದು ಕತಿ ತಂದೀನಿ. ಕತಿ ಒಲಿದು. ಒಲಿ ಅಂದಮ್ಯಾಲೆ ನಮ್ಮವ್ವ, ನಮ್ಮ ಚಿಕ್ಕವ್ವ ಬಂದೇ ಬರ್ತಾರ.

ಮಗಳ ಮನಿ ಡಲ್ಲಾಸ್ ಊರಿನ ಹೊರಗ. ಮನಿ ಹಿಂದ ಸಣ್ಣ ಹಿತ್ತಲ, ಹಿತ್ತಲದಾಗ ಸಿಮೆಂಟಿನ ಕಟ್ಟಿ. ನಾನು ಹೋಗಿ ಎರಡು ವಾರ ಆಗಿರಬೇಕು, ಇಬ್ಬರು ಮಂದಿ ಒಂದು ದೊಡ್ಡ ರಟ್ಟಿನ ಪೆಟ್ಟಿಗಿ ತಂದು ಇಳಿಸಿ ಹೋದ್ರು.

"ಏನಪಾ ಇದು, ಕಪಾಟು ತರಿಸಿದೇನು?" ಅಂತ ಅಳಿಯನ್ನ ಕೇಳಿದೆ.

"ಅಲ್ರೀ ಅತ್ತ್ಯಾರ, ಗ್ಯಾಸಿನ ಗ್ರಿಲ್. ಬ್ಯಾಸಗಿ ಬಂತಲ್ಲ, ಇಲ್ಲಿ ಎಲ್ಲಾರೂ ಹೊರಗ ಬಾರ್ಬೆಕ್ಯೂ ಮಾಡ್ತಾರ" ಅಂದ.

ಬಾರ್ಬೆಕ್ಯೂ ಅಂದ್ರ ಮಾಂಸ ಸುಡೋದು ಅಂತ ನನ್ನ ತಲಿಯೊಳಗ. ನನ್ನ ಮಾರಿ ನೋಡಿ ಮಗಳು ನಕ್ಕಳು. "ಅವ್ವಾ, ಸೀತನಿ ನೆನಪದ ಇಲ್ಲೋ ನಿನಗ? ಅದೂ ಇದೇ" ಅಂದ್ಲು. ಹೌದಲ್ಲ! ಛಳಿಗಾಲದಾಗ ಹೊಲಕ್ಕ ಹೋಗಿ, ತಗ್ಗು ತೋಡಿ ಕುಳ್ಳು ಹಚ್ಚಿ, ಕೆಂಡ ಆದಮ್ಯಾಲೆ ಹಾಲು ತುಂಬಿದ ಜೋಳದ ತೆನಿ ಅದರಾಗ ಸುಟ್ಟು, ಬಡದು, ಬಿಸಿ ಬಿಸಿ ಕಾಳು ಶೇಂಗಾ ಹಿಂಡಿ ಜೋಡಿ ತಿಂತಿದ್ವಿ. ಹೊರಗ ಕೆಂಡ ಮಾಡಿ ಹತ್ತು ಮಂದಿ ಸುತ್ತ ಕೂತು ತಿನ್ನೋದು ಎಲ್ಲಾ ದೇಶದಾಗೂ ಅದ. ಬಾರ್ಬೆಕ್ಯೂ ಅನ್ನೋ ಮಾತು ಹುಟ್ಟಿದ್ದು ಕ್ಯಾರಿಬಿಯನ್ ದ್ವೀಪದ ಮೂಲ ಮಂದಿಯ ಬಾಯಾಗ. ಕಟಿಗಿ ಕಟ್ಟಿದ ಅಟ್ಟಣಿಗಿಗೆ ಅವರು ಹಂಗ ಅಂತಿದ್ರು. ಸ್ಪೇನ್ ದೇಶದವರು ಅದನ್ನ ಬಾರ್ಬಕೋವಾ ಅಂದ್ರು, ಇಂಗ್ಲಿಷರ ಬಾಯಾಗ ಅದು ಈಗಿನ ರೂಪಕ್ಕ ಬಂತು.

ಪೆಟ್ಟಿಗಿ ಬಿಚ್ಚಿದ್ವಿ. ನಾಕು ಕಾಲು, ಎರಡು ಗಾಲಿ, ಮುಚ್ಚಳಾ, ಕಬ್ಬಿಣದ ಜಾಳಗಿ, ಮೂರು ಬರ್ನರು, ಒಂದು ಚೀಲ ತುಂಬ ಸ್ಕ್ರೂ. ಎಲ್ಲಾದಕಿಂತ ಕೆಳಗ ಒಂದು ಕರೇ ಪೈಪು, ಅದಕ್ಕ ರೆಗ್ಯುಲೇಟರು. ಆ ಪೈಪು ಕೈಯಾಗ ಹಿಡಿದ ಕೂಡ್ಲೆ ನನಗ ಟೆಕ್ಸಸ್ ಮರತು ಹೋತು. ಧಾರವಾಡದ ಅಡಿಗಿಮನಿ ಕಣ್ಣಮುಂದ ಬಂತು.

ನಮ್ಮ ಮನಿಗೆ ಗ್ಯಾಸ್ ಬಂದಿದ್ದು 1979ರಾಗ. ಹೆಸರು ಹಚ್ಚಿ ಆರು ವರ್ಷ ಕಾದಿದ್ವಿ. ಅದಕ್ಕೂ ಮೊದಲು ಅವ್ವಂದು ಕಟಿಗಿ ಒಲಿ. ಊದುಗೊಳವಿ ಊದಿ ಊದಿ ಆಕೀ ಕಣ್ಣು ವರ್ಷವಿಡೀ ಕೆಂಪು. ರೊಟ್ಟಿ ಬಡಿಯೂ ಮುಂದ ಒಂದು ಕೈಯಿಂದ ಸೆರಗು ಕಣ್ಣಿಗೆ ಒತ್ತಿಕೊಳ್ಳೋದು ಆಕೀ ರೂಢಿ. ನಮಗೆಲ್ಲಾ ಅವ್ವ ಅಂದ್ರ ಹೊಗೀ ವಾಸನಿ. ಚಹಾಕ್ಕ, ಹಾಲಿಗೆ ಗಾಳಿ ಹೊಡಿಯೋ ಸೀಮೆಎಣ್ಣಿ ಸ್ಟೋ ಇತ್ತು. ಆದ್ರ 1971ರ ನಂತರ ಅದನ್ನ ಯಾರೂ ಮುಟ್ಟಲಿಲ್ಲ. ಆ ವರ್ಷ ನಮ್ಮ ಚಿಕ್ಕವ್ವ ಗಂಡನ ಮನ್ಯಾಗ ಸುಟ್ಟಗೊಂಡ್ಲು. ಸ್ಟೋ ಸಿಡೀತು ಅಂತ ಹೇಳಿದ್ರು. ಅದಕಿಂತ ಹೆಚ್ಚು ಆಕಿ ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ದವಾಖಾನಿಯಿಂದ ಸೀದಾ ನಮ್ಮ ಮನಿಗೆ ಬಂದ್ಲು. ಎಡಗೈಯ ಮೂರು ಬಟ್ಟು ಒಂದಕ್ಕೊಂದು ಕೂಡಿಕೊಂಡಿದ್ವು. ಆಮ್ಯಾಲೆ ಆಕಿ ವಾಪಸ್ ಹೋಗಲಿಲ್ಲ.

ಗ್ಯಾಸ್ ಬಂದ ದಿನ ಅವ್ವ ಸಿಲಿಂಡರಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡಿದ್ಲು, ಆದ್ರ ಒಲಿ ಹಚ್ಚಲಿಕ್ಕೆ ಕೈ ನಡಗ್ತಿತ್ತು. ಮುಂದ ಬಂದಾಕಿ ಚಿಕ್ಕವ್ವ. ಜೋಡಿಸಲಿಕ್ಕೆ ಬಂದ ಹುಡುಗಗ ಆಕಿ ಕೇಳಿದ ಪ್ರಶ್ನಿಗೆ ಲೆಕ್ಕ ಇಲ್ಲ. ಸೋರಿದ್ರ ಹೆಂಗ ಗೊತ್ತಾಗ್ತದ ಅಂತ ಕೇಳಿದ್ಲು. ಆ ಹುಡುಗ ಒಂದು ವಾಟಿಯೊಳಗ ಸಬಕಾರದ ನೀರು ಕಲಿಸಿ, ರೆಗ್ಯುಲೇಟರಿನ ಸುತ್ತ ಹಚ್ಚಿ, "ಗುಳ್ಳಿ ಎದ್ರ ಸೋರತೈತಿ, ಏಳಲಿಲ್ಲ ಅಂದ್ರ ಇಲ್ರಿ" ಅಂದ. ಅವತ್ತಿನಿಂದ ತೀರಿಕೊಳ್ಳೋತನಕ ನಮ್ಮ ಮನ್ಯಾಗ ಸಿಲಿಂಡರ್ ಬದಲ ಮಾಡಿದಾಗೆಲ್ಲಾ ಆ ವಾಟಿ ಹಿಡಕೊಂಡು ಕೂಡಾಕಿ ಚಿಕ್ಕವ್ವನೇ. ಕೂಡಿಕೊಂಡ ಆ ಮೂರು ಬಟ್ಟಿನಿಂದಲೇ ನೊರಿ ಹಚ್ಚತಿದ್ಲು. ನೊರಿ ಆರೋತನಕ ಯಾರೂ ಕಡ್ಡಿ ಕೊರೀಬಾರದು.

ಇರಲಿ, ಈ ಗ್ಯಾಸು ಎಲ್ಲಿಂದ ಬಂತು ಅಂತ ನೀವು ಎಂದರ ವಿಚಾರ ಮಾಡೀರೇನು? ನಾನೂ ಮಾಡಿದ್ದಿಲ್ಲ. ಅಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ಇರ್ತಿದ್ದಿಲ್ಲ, ಮಗಳು ಲೈಬ್ರರಿಗೆ ಕರಕೊಂಡು ಹೋಗ್ತಿದ್ಲು. ಅಲ್ಲಿ ಓದಿ ತಿಳಕೊಂಡದ್ದು ಇದು.

1910ರ ಸುಮಾರಿಗೆ ಅಮೇರಿಕಾದ ಪಿಟ್ಸ್‌ಬರ್ಗ್‌ದಾಗ ವಾಲ್ಟರ್ ಸ್ನೆಲಿಂಗ್ ಅನ್ನೋ ರಸಾಯನ ಶಾಸ್ತ್ರಜ್ಞ ಇದ್ರು. ಆಗಿನ ಮೋಟಾರಿಗೆ ಹಾಕತಿದ್ದ ಪೆಟ್ರೋಲು ಇಟ್ಟಲ್ಲೇ ಆವಿಯಾಗಿ ಹೋಗ್ತಿತ್ತು. ಹಿಂಗ ಹಾರಿಹೋಗೂದು ಏನು ಅಂತ ಹುಡುಕಿದಾಗ ಅದರಾಗ ಪ್ರೊಪೇನ್, ಬ್ಯೂಟೇನ್ ಇದ್ದದ್ದು ಗೊತ್ತಾತು. ಒತ್ತಡ ಕೊಟ್ಟು ಅದನ್ನ ನೀರಿನಂಗ ಮಾಡಿ ಡಬ್ಬಿಯೊಳಗ ತುಂಬಬಹುದು ಅಂತ ಅವರು ತೋರಿಸಿಕೊಟ್ರು. 1913ರಾಗ ಅದರ ಪೇಟೆಂಟ್ ಸಿಕ್ತು. ನಮ್ಮ ಸಿಲಿಂಡರ್ ಅಲುಗಾಡಿಸಿದ್ರ ಒಳಗ ನೀರು ತುಳುಕಿದಂಗ ಆಗ್ತದಲ್ಲ, ಅದೇ ಇದು. ಸಣ್ಣ ಡಬ್ಬಿಯೊಳಗ ದೊಡ್ಡ ಉರಿ.

ಪ್ರೊಪೇನ್ ಶೂನ್ಯಕ್ಕಿಂತ 42 ಡಿಗ್ರಿ ಕೆಳಗ ಹೋದ್ರೂ ಆವಿಯಾಗ್ತದ. ಬ್ಯೂಟೇನ್ ಹಂಗಲ್ಲ, ಶೂನ್ಯದ ಹತ್ತರ ಬಂದ್ರ ನೀರಾಗೇ ಕೂಡತದ. ಅದಕ್ಕೇ ಹಿಮ ಬೀಳೋ ದೇಶದ ಹಿತ್ತಲದ ಸಿಲಿಂಡರಿನಾಗ ಪ್ರೊಪೇನ್, ನಮ್ಮ ಅಡಿಗಿಮನಿ ಸಿಲಿಂಡರಿನಾಗ ಎರಡೂ ಕೂಡಿದ್ದು. ಎರಡೂ ಗಾಳಿಗಿಂತ ಭಾರ. ಸೋರಿದ್ರ ಮ್ಯಾಲೆ ಹಾರಿ ಹೋಗೂದಿಲ್ಲ, ನೆಲ ಹಿಡಿದು ಹರೀತದ, ತಗ್ಗು ಹುಡುಕಿ ಕೂಡತದ. ನಮ್ಮ ದೇಶದಾಗ ಇದನ್ನ ಮನಿಮನಿಗೆ ಮಾರಲಿಕ್ಕೆ ಶುರು ಮಾಡಿದ್ದು 1955ರಾಗ ಮುಂಬೈದಾಗ, ಬರ್ಮಾ ಶೆಲ್ ಕಂಪನಿ, ಬರ್ಶೇನ್ ಅನ್ನೋ ಹೆಸರಿನಿಂದ. ಇಂಡೇನ್ ಮೊದಲನೇ ಕನೆಕ್ಷನ್ ಕೊಟ್ಟಿದ್ದು 1965ರಾಗ, ಕಲಕತ್ತಾದಾಗ. ಧಾರವಾಡದ ನಮ್ಮವ್ವನ ಒಲಿಗೆ ಅದು ಮುಟ್ಟೂದರಾಗ ಇನ್ನೂ ಹದಿನಾಕು ವರ್ಷ ಹೋದ್ವು.

ಅಮೇರಿಕಾದವರ ಹಿತ್ತಲಕ್ಕ ಮೊದಲು ಬಂದದ್ದು ಇದ್ದಲಿ. 1920ರ ದಶಕದಾಗ ಮೋಟಾರ್ ಕಂಪನಿಯ ಹೆನ್ರಿ ಫೋರ್ಡ್ ಅವರು, ಗಾಡಿಗೆ ಕಟಿಗಿ ಕೊಯ್ದು ಉಳಿದ ಚೂರು ಸುಟ್ಟು, ಅದರ ಇದ್ದಲಿ ಒತ್ತಿ ಉಂಡಿ ಮಾಡಿ ಮಾರಿಸಿದ್ರು. 1952ರಾಗ ಷಿಕಾಗೋ ಕಡೆ ಜಾರ್ಜ್ ಸ್ಟೀಫನ್ ಅನ್ನೋವರು, ತಾವು ಕೆಲಸ ಮಾಡ್ತಿದ್ದ ಕಾರಖಾನೆಯೊಳಗ ನೀರಾಗ ತೇಲಿಬಿಡೋ ಲೋಹದ ಬುಗ್ಗಿ ಅರ್ಧಕ್ಕ ಕೊಯ್ದು, ಕೆಳಗಿಂದು ಒಲಿ, ಮ್ಯಾಲಿಂದು ಮುಚ್ಚಳ ಮಾಡಿದ್ರು. ಗಾಳಿ ಮಳಿಗೆ ಆರದ ಆ ಗುಂಡ ಒಲಿಯಿಂದ ವೆಬರ್ ಅನ್ನೋ ಹೆಸರು ಮನಿಮಾತಾತು. ಅದೇ ಷಿಕಾಗೋದ ಇನ್ನೊಂದು ಕಂಪನಿ 1954ರ ಸುಮಾರಿಗೆ ಎತ್ತಿಕೊಂಡು ಓಡಾಡಬಹುದಾದ ಒಲಿಗೆ 20 ಪೌಂಡಿನ ಸಿಲಿಂಡರ್ ಜೋಡಿಸ್ತು. 1960ರ ದಶಕದಾಗ ಅರ್ಕಾನ್ಸಾ ಕಡೆ ಗ್ಯಾಸ್ ಮಾರೋ ಕಂಪನಿಯವರೇ ಗ್ಯಾಸಿನ ಗ್ರಿಲ್ ಮಾಡಿ ಮಾರಿದ್ರು. ಗ್ಯಾಸ್ ಖರ್ಚಾಗಬೇಕಲ್ಲ, ವ್ಯಾಪಾರದ ಬುದ್ಧಿ ಅದು! ಮೊದಮೊದಲು ಬರ್ನರಿನ ಮ್ಯಾಲೆ ಜ್ವಾಲಾಮುಖಿ ಕಲ್ಲು ಹಾಕತಿದ್ರು. ಜಿಡ್ಡು ಕುಡಿದ ಆ ಕಲ್ಲು ಭಗ್ಗ ಅಂತ ಹತಗೋತಿತ್ತು. 1985ರಾಗ ವೆಬರ್‌ನವರು ಕಲ್ಲು ತಗದು, ಮನಿ ಮಾಡಿನಂಗ ಇಳಿಜಾರಾದ ತಗಡಿನ ಪಟ್ಟಿ ಹಾಕಿದ್ರು. ಜಿಡ್ಡು ಅದರ ಮ್ಯಾಲೆ ಸುಟ್ಟು ಹೊಗಿ ಆಗ್ತದ, ಉಳಿದದ್ದು ಕೆಳಗ ಜಾರತದ. ನಮ್ಮ ಅಳಿಯನ ಗ್ರಿಲ್ಲಿನಾಗೂ ಅಂಥವೇ ಪಟ್ಟಿ ಇದ್ವು.

ಈಗ ಆ ಶನಿವಾರಕ್ಕ ಬರೂಣು. ಎರಡೂವರಿ ತಾಸಿನಾಗ ಅಳಿಯ ಎಲ್ಲಾ ಜೋಡಿಸಿದ. ಒಂದು ಮಾತು ಒಪ್ಪಬೇಕು, ಮೊದಲು ಎಲ್ಲಾ ಸ್ಕ್ರೂ ಸಡಲ ಹಾಕಿ, ಚೌಕಟ್ಟು ನೆಟ್ಟಗ ನಿಂತಮ್ಯಾಲೆ ಬಿಗಿ ಮಾಡಿದ, ಅದು ಶಾಣ್ಯಾತನ. ಸಿಲಿಂಡರ್ ಕಾರಿನಾಗ ನಿಂದರಿಸಿ ಕಟ್ಟಿ ತಂದಿದ್ದ, ಮಲಗಿಸಿರಲಿಲ್ಲ. ಮನ್ಯಾಗೂ ಗ್ಯಾರೇಜಿನಾಗೂ ಇಡದ ಹೊರಗೇ ಇಟ್ಟ. ಅದರ ಕಿವಿ ಮೂರು ಮೂಲಿದು. ಒಳಗ ಒಂದು ತೇಲು ಇರ್ತದ, ಸಿಲಿಂಡರ್ ಶೇಕಡಾ 80 ತುಂಬಿದ ಕೂಡ್ಲೆ ತಾನೇ ಬಾಯಿ ಮುಚ್ಚತದ, ಬಿಸಲಿಗೆ ಗ್ಯಾಸ್ ಹಿಗ್ಗಿದ್ರ ಜಾಗಾ ಬೇಕಲ್ಲ. ಹಂಗ ತೇಲು ಇಲ್ಲದ ಹಳೇ ಸಿಲಿಂಡರಿಗೆ 2002ರಿಂದ ಅಲ್ಲಿ ಗ್ಯಾಸ್ ತುಂಬೂದಿಲ್ಲ.

ನೆಂಟರು ನಾಕು ಗಂಟೆಕ್ಕ ಬರೋರು. ಅಳಿಯ ಲೈಟರ್ ಹಿಡಕೊಂಡು ಬಂದ.

"ತಡಿಯಪಾ, ಸಬಕಾರದ ನೀರು ಹಚ್ಚೀಯೇನು?" ಅಂದೆ.

"ಹೊಸಾದ್ರೀ ಅತ್ತ್ಯಾರ. ಹೊಸಾದು ಯಾಕ ಸೋರತದ?"

ಮಗಳು ನನ್ನ ಮಾರಿ ನೋಡಿದ್ಲು. ಆಕಿಗೆ ಚಿಕ್ಕಜ್ಜಿಯ ವಾಟಿ ಗೊತ್ತು. ಮಾತಾಡದ ಒಳಗ ಹೋಗಿ ಪಾತ್ರೆ ತೊಳಿಯೋ ಸಬಕಾರ ಅರ್ಧ, ನೀರು ಅರ್ಧ ಕಲಿಸಿಕೊಂಡು, ಒಂದು ಬ್ರಷ್ ತಂದ್ಲು. ಒಲಿಯ ಎಲ್ಲಾ ನಾಬು ಬಂದ್ ಇಟ್ಟು, ಸಿಲಿಂಡರಿನ ಕಿವಿ ಸಾವಕಾಶ ತಿರುವಿದ್ವಿ. ಸಿಲಿಂಡರಿನ ಬಾಯಿಗೆ ನೊರಿ ಹಚ್ಚಿದೆ, ಏನೂ ಇಲ್ಲ. ರೆಗ್ಯುಲೇಟರಿಗೆ ಹಚ್ಚಿದೆ, ಏನೂ ಇಲ್ಲ. ಪೈಪಿನ ಉದ್ದಕ್ಕ ಹಚ್ಚಿಕೊಂತ ಹೋದೆ. ಪೈಪು ಒಲಿಗೆ ಕೂಡೋ ಜಾಗಾಕ್ಕ ಬಂದಾಗ ಒಂದು ಗುಳ್ಳಿ ಎದ್ದಿತು. ದೊಡ್ಡದಾಗಿ ಒಡೀತು. ಅದರ ಹಿಂದ ಇನ್ನೊಂದು. ಆಮ್ಯಾಲೆ ಒಲಿ ಮ್ಯಾಲಿನ ಹಾಲಿನಂಗ ಒಂದೇ ಸವನ ಗುಳುಗುಳು.

ಮೂವರೂ ಬಾಯಿ ಬಿಡಲಿಲ್ಲ. ಅಳಿಯ ಲೈಟರ್ ಕಿಸೆದಾಗ ಹಾಕಿ ಸಿಲಿಂಡರ್ ಬಂದ್ ಮಾಡಿದ. ಆ ತಿರಪಿಗೆ ಪಾನಾ ಹಚ್ಚಿ ಬಿಗಿ ಮಾಡಬೇಕು ಅಂತ ಪುಸ್ತಕದಾಗ ಬರದಿತ್ತು, ಅವ ಅವಸರದಾಗ ಕೈಲೇ ತಿರುವಿ ಬಿಟ್ಟಿದ್ದ. ಪಾನಾ ಹಚ್ಚಿದ. ಮತ್ತ ಕಿವಿ ತಿರುವಿ ಮತ್ತ ನೊರಿ ಹಚ್ಚಿದ್ವಿ. ಈ ಸಲ ನೊರಿ ಸುಮ್ಮನ ಕೂತು ಆರಿ ಹೋತು.

ನೆಂಟರು ಬಂದ್ರು, ಬದನೀಕಾಯಿ ಸುಟ್ವಿ, ಗೋವಿನಜೋಳದ ತೆನಿ ಸುಟ್ವಿ, ಎಲ್ಲಾರೂ ಭೇಷ್ ಅಂದ್ರು. ಅಳಿಯ ಮಾತ್ರ ಊಟದಾಗ ಮಾತು ಕಡಿಮಿ. ರಾತ್ರಿ ಪಾತ್ರೆ ಒರಸೂ ಮುಂದ ಬಂದು, "ಅತ್ತ್ಯಾರ, ನಾಳೆ ನಿಮಗ ಒಂದು ಊರು ತೋರಸ್ತೀನಿ" ಅಂದ.

ಮರುದಿನ ಪೂರ್ವ ದಿಕ್ಕಿಗೆ ಎರಡು ತಾಸಿಗಿಂತ ಹೆಚ್ಚು ಹಾದಿ. ನ್ಯೂ ಲಂಡನ್ ಅಂತ ಒಂದು ಸಣ್ಣ ಊರು. ರಸ್ತೇದ ನಡುವ ಎತ್ತರದ ಗ್ರಾನೈಟ್ ಕಲ್ಲಿನ ಸ್ಮಾರಕ. ಎದರಿಗೆ ಒಂದು ಮ್ಯೂಸಿಯಂ. ಆ ಊರಾಗ ಎಣ್ಣಿ ಬಾವಿ ಇದ್ವು, ರೊಕ್ಕ ಇತ್ತು, ದೊಡ್ಡ ಸಾಲಿ ಕಟ್ಟಿದ್ರು. ಸಾಲಿ ಬೆಚ್ಚಗ ಇಡಲಿಕ್ಕೆ ಗ್ಯಾಸ್ ಬೇಕು. ಖರ್ಚು ಉಳೀಲಿ ಅಂತ ಎಣ್ಣಿ ಕಂಪನಿಯವರು ಸುಟ್ಟು ಬಿಡತಿದ್ದ ಗ್ಯಾಸಿನ ಪೈಪಿಗೆ ಸಾಲಿ ಪೈಪು ಕೂಡಿಸಿದ್ರು. ಆ ಸೀಮ್ಯಾಗ ಎಲ್ಲಾರೂ ಹಂಗೇ ಮಾಡ್ತಿದ್ರು. ಆ ಗ್ಯಾಸಿಗೆ ವಾಸನಿ ಇರಲಿಲ್ಲ. ಸೋರಿ ಸೋರಿ ಸಾಲಿಯ ನೆಲದ ಕೆಳಗಿನ ಪೊಳ್ಳು ಜಾಗಾದಾಗ ತುಂಬಿತು. 1937ರ ಮಾರ್ಚ್ 18, ಮಧ್ಯಾಹ್ನ ಮೂರರ ಮ್ಯಾಲೆ, ಕಟಿಗಿ ಕೆಲಸ ಕಲಿಸೋ ಮಾಸ್ತರು ಕಟಿಗಿ ಉಜ್ಜೋ ಯಂತ್ರದ ಬಟನ್ ಒತ್ತಿದ್ರು. ಒಂದು ಕಿಡಿ. ಸುಮಾರು 300 ಜೀವ ಹೋದ್ವು, ಹೆಚ್ಚಿನವು ಸಾಲಿ ಹುಡುಗರು. ಸಾಲಿ ಬಿಡಲಿಕ್ಕೆ ಕೆಲವೇ ನಿಮಿಷ ಉಳಿದಿತ್ತು. ಆ ಹೊತ್ತಿನಾಗ ತಾಯಂದಿರ ಒಂದು ಸಭಾ ಪಕ್ಕದ ಕಟ್ಟಡದಾಗೇ ನಡದಿತ್ತು.

ಇಷ್ಟು ಓದಿ ನಾನು ಅಲ್ಲೇ ಕುರ್ಚಿ ಮ್ಯಾಲೆ ಕೂತೆ. ಆ ತಾಯಂದಿರು ಸಪ್ಪಳ ಕೇಳಿ ಹೊರಗ ಓಡಿ ಬಂದಿರಬೇಕಲ್ಲ.

ಆ ವರ್ಷವೇ ಟೆಕ್ಸಸ್‌ದಾಗ ಗ್ಯಾಸಿಗೆ ವಾಸನಿ ಕೂಡಿಸಬೇಕು ಅಂತ ಕಾಯ್ದೆ ಆತು. ಅಲ್ಲಿಂದ ಈ ಪದ್ಧತಿ ಎಲ್ಲಾ ಕಡೆ ಹಬ್ಬಿತು. ಗ್ಯಾಸಿಗೆ ತನ್ನದು ಅಂತ ವಾಸನಿ ಇಲ್ರೀ. ನಮ್ಮ ಅಡಿಗಿಮನ್ಯಾಗ ಮೂಗಿಗೆ ಬಡಿಯೋ ಆ ಕೊಳತ ಉಳ್ಳಾಗಡ್ಡಿಯಂಥ ನಾತ ಮರ್ಕ್ಯಾಪ್ಟನ್ ಅನ್ನೋ ರಸಾಯನದ್ದು, ಬೇಕಂತಲೇ ಕೂಡಿಸಿದ್ದು. ಇನ್ನ ಮ್ಯಾಲೆ ಆ ನಾತ ಬಂದಾಗ ಮೂಗು ಮುಚ್ಚಬ್ಯಾಡ್ರಿ. ಆ ಮಕ್ಕಳು ಬಿಟ್ಟು ಹೋದ ಎಚ್ಚರಿಕಿ ಅದು ಅಂತ ನಾನು ತಿಳಕೊಂಡೀನಿ. ಲೈಟು, ಫ್ಯಾನು ಯಾವ ಬಟನ್ನೂ ಮುಟ್ಟಬ್ಯಾಡ್ರಿ. ಸಿಲಿಂಡರ್ ಬಂದ್ ಮಾಡಿ, ಬಾಗಲಾ ಕಿಡಕಿ ತಗದು, ಹೊರಗ ಹೋಗಿ ಫೋನ್ ಮಾಡ್ರಿ.

ನಿಮ್ಮ ಮಕ್ಕಳೂ ಪರದೇಶದಾಗ ಇದ್ದಾರ, ಒಂದಿಲ್ಲ ಒಂದು ಬ್ಯಾಸಗಿಗೆ ಇಂಥಾ ಪೆಟ್ಟಿಗಿ ತರಸ್ತಾರ. ಅವರಿಗೆ ಹೇಳಲಿಕ್ಕೆ ನಾನು ಕಲತದ್ದು ಇಷ್ಟು. ಹಚ್ಚೂ ಮುಂದ ಮುಚ್ಚಳಾ ತಗದಿರಬೇಕು, ಮುಚ್ಚಿ ಹಚ್ಚಿದ್ರ ಒಳಗ ಕೂಡಿದ ಗ್ಯಾಸು ಮಾರಿ ಸುಡತದ. ಐದು ಸೆಕೆಂಡಿನಾಗ ಹತ್ತಲಿಲ್ಲಾ, ನಾಬು ಬಂದ್ ಮಾಡಿ ಐದು ನಿಮಿಷ ಕಾಯಬೇಕು. ಸಿಲಿಂಡರಿನ ಕಿವಿ ಗಡಬಡಿಸಿ ತಿರುವಿದ್ರ ಸೋರೇದ ಅಂತ ತಿಳಕೊಂಡು ಒಳಗಿನ ತಡಿ ಗ್ಯಾಸು ಹಿಡೀತದ, ಉರಿ ಸಣ್ಣಾಗಿ ಕೂಡತದ. ಎಲ್ಲಾ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸಾವಕಾಶ ತಿರುವಿದ್ರ ಸರಿ ಆಗ್ತದ. ಒಲಿ ಗ್ವಾಡಿಯಿಂದ ಹತ್ತು ಫೂಟು ದೂರ ಇರಲಿ, ಮಾಡಿನ ಕೆಳಗ ಬ್ಯಾಡ. ಎಷ್ಟೇ ಛಳಿ ಇದ್ರೂ ಮನಿ ಒಳಗ ಹಚ್ಚಬಾರದು. 2021ರ ಫೆಬ್ರುವರಿಯಾಗ ಟೆಕ್ಸಸ್‌ದಾಗ ಹಿಮ ಬಿದ್ದು ಕರೆಂಟ್ ಹೋದಾಗ, ಕಾಸಿಕೊಳ್ಳಲಿಕ್ಕೆ ಗ್ಯಾರೇಜಿನಾಗ ಕಾರು, ಒಳಗ ಗ್ರಿಲ್, ಜನರೇಟರ್ ಹಚ್ಚಿದ ಮನಿಗಳಾಗ ಮಂದಿ ಸತ್ರು. ಆ ವಿಷದ ಗಾಳಿಗೆ, ಕಾರ್ಬನ್ ಮಾನಾಕ್ಸೈಡಿಗೆ, ವಾಸನಿ ಇಲ್ಲ, ಅದಕ್ಕ ಯಾರೂ ವಾಸನಿ ಕೂಡಿಸೂದಿಲ್ಲ.

ಜಿಡ್ಡಿನ ತಾಟು ಆಗಾಗ ತೊಳೀಬೇಕು. ಜಿಡ್ಡಿಗೆ ಬೆಂಕಿ ಹತ್ತಿದ್ರ ಗ್ಯಾಸ್ ಬಂದ್ ಮಾಡಿ ಅಡಿಗಿ ಸೋಡಾ ಒಗೀಬೇಕು, ನೀರು ಹಾಕಿದ್ರ ಬೆಂಕಿ ಎದ್ದು ಹಾರತದ. ಜಾಳಗಿ ತಿಕ್ಕೋ ತಂತಿ ಬ್ರಷ್ಷಿನ ಎಳಿ ಉಚ್ಚಿ ತಿನ್ನೋ ಪದಾರ್ಥಕ್ಕ ಹತ್ತಿ ಗಂಟಲಾಗ, ಹೊಟ್ಯಾಗ ಚುಚ್ಚಿಕೊಂಡದ್ದೂ ಅದ. ತಿಕ್ಕಿದಮ್ಯಾಲೆ ಒದ್ದಿ ಅರಬಿಲೆ ಒರಸಬೇಕು.

ಇನ್ನೊಂದು. ನಾನು ವಾಪಸ್ ಬಂದು ಆರು ತಿಂಗಳಾದಮ್ಯಾಲೆ ಮಗಳ ಫೋನು. "ಅವ್ವಾ, ಉರಿ ನೀಲಿ ಇಲ್ಲ, ಹಳದಿ ಆಗೇದ. ಒಂದು ಬರ್ನರು ಹತ್ತವಲ್ದು" ಅಂದ್ಲು. ಬಂದ್ ಮಾಡಿಸಿ, ಆರಿದಮ್ಯಾಲೆ ಬರ್ನರಿನ ಕೊಳವಿ ಬಿಚ್ಚಿ ನೋಡಂದೆ. ಒಳಗ ಜ್ಯಾಡ ಹುಳ ಬಲಿ ಕಟ್ಟಿತ್ತು! ಅವು ಆ ಕೊಳವಿಯೊಳಗ ಸೇರೋದು ಭಾಳ ಅಂತ. ಗಾಳಿ ಕೂಡೂ ಹಾದಿ ಮುಚ್ಚಿದ್ರ ಉರಿ ಹಳದಿ ಆಗ್ತದ. ಮುಂದ ಹೋಗಬೇಕಾದ ಗ್ಯಾಸು ಹಿಂದಕ್ಕ ತಿರುಗಿ ನಾಬಿನ ಕಡೆ ಹತ್ತತದ. ಉದ್ದನ ಬ್ರಷ್ ಹಾಕಿ ಸ್ವಚ್ಛ ಮಾಡಿದ್ರು.

"ಕೂಡಿಸಿದಮ್ಯಾಲೆ ಸಬಕಾರದ ನೀರು?" ಅಂತ ಕೇಳಿದೆ.

"ಹಚ್ಚೀವವ್ವಾ. ಅಳಿಯಂದಿರೇ ಹಚ್ಯಾರ. ವಾಟಿಗೆ ಹೆಸರೂ ಇಟ್ಟಾರ, ಚಿಕ್ಕಜ್ಜಿ ವಾಟಿ ಅಂತ."

ನಮ್ಮ ಚಿಕ್ಕವ್ವ ಸಾಲಿಗೆ ಹೋದಾಕಿ ಅಲ್ಲ, ಧಾರವಾಡ ಜಿಲ್ಲಾ ದಾಟಿದಾಕಿ ಅಲ್ಲ. ಆಕೀದೊಂದು ಫೋಟೋ ಸುದ್ದಾ ನಮ್ಮ ಹತ್ತರ ಇಲ್ಲ, ಸುಟ್ಟ ಮಾರಿ ಅಂತ ಯಾರೂ ತಗಸಲಿಲ್ಲ. ಏಳು ಸಮುದ್ರದ ಆಚೆ ಒಂದು ಹಿತ್ತಲದಾಗ ಆಕೀ ಹೆಸರಿನ ವಾಟಿ ಅದ.

ನಿಮ್ಮ ಸಿಲಿಂಡರಿನ ಹಿಡಿಕೆ ಕೆಳಗಿನ ಪಟ್ಟಿ ಮ್ಯಾಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಅದರ ಮುಂದ ವರ್ಷ ಬರದಿರ್ತದ. ಎ ಅಂದ್ರ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ತಾರೀಖು ದಾಟಿದ ಸಿಲಿಂಡರ್ ಇಳಿಸಿಕೊಳ್ಳಬ್ಯಾಡ್ರಿ. ಕೇಸರಿ ಪೈಪಿಗೆ ಐದು ವರ್ಷ ಆಗಿದ್ರ ಬದಲ ಮಾಡ್ರಿ. ಮತ್ತ ನಾಳೆ ಮುಂಜಾನೆ ಚಹಾ ಇಡೂಕಿಂತ ಮೊದಲು ಒಂದು ವಾಟಿಯೊಳಗ ಸಬಕಾರದ ನೀರು ಕಲಿಸಿಕೊಳ್ರಿ. ಎರಡು ನಿಮಿಷದ ಕೆಲಸ.